ಹಾವಿಗೆ ಹಾಕದ ಮಾತು

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಹೆಣ್ಣನ್ನು ಆಮೇಲೆ ನೋಡುತ್ತಾರೆ, ಮೊದಲು ಹಾವನ್ನು ನೋಡುತ್ತಾರೆ. ಚಾಪೆಯ ಮೇಲೆ ಕೂತು, ನೀರು ಕುಡಿದು, "ಎಲ್ಲಿ, ನಿಮ್ಮ ಮನೆಯ ಹಾವು ಕಾಣಿಸಲೇ ಇಲ್ಲವಲ್ಲ" ಎಂದು ಏನೂ ಅರಿಯದವರ ಹಾಗೆ ಕೇಳುತ್ತಾರೆ. ಹಾವು ಹುರುಳಿಕಾಯಿಯಷ್ಟು ತೆಳ್ಳಗಿದ್ದರೆ ಉಪ್ಪಿಟ್ಟು ಮುಟ್ಟುತ್ತಾರೆ. ಒನಕೆಯಷ್ಟು ದಪ್ಪಗಿದ್ದರೆ ಮನೆಯಲ್ಲಿ ಯಾರಿಗೋ ಮೈ ಹುಷಾರಿಲ್ಲವೆಂಬುದು ತಟ್ಟನೆ ನೆನಪಾಗಿ ಎದ್ದು ಹೋಗುತ್ತಾರೆ. ಇಲಿ, ಕಪ್ಪೆ ತಿನ್ನುವಂಥ ಕೀಳು ಅಭ್ಯಾಸಗಳು ಬೇರೆ ಊರಿನ ಹಾವುಗಳಿಗೆ ಇರಬಹುದು. ನಮ್ಮವು ತಿನ್ನುವುದು ಮನೆಯೊಳಗೆ ಆಡಿದ ಕೆಟ್ಟ ಮಾತನ್ನು. ಮಾತು ಇನ್ನೂ ಗಾಳಿಯಲ್ಲಿರುವಾಗಲೇ ಹಾವು ತಲೆ ಎತ್ತಿ, ಬಾಯಿ ತೆರೆದು ಗುಳಕ್ ಎನ್ನಿಸುತ್ತದೆ. ಅಷ್ಟೇ, ಆ ಮಾತು ಆಡಿದವರಿಗೂ ನೆನಪಿರುವುದಿಲ್ಲ, ಕೇಳಿದವರಿಗೂ ನೆನಪಿರುವುದಿಲ್ಲ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಏನೋ ಹೇಳ್ತಿದ್ದೆ?" "ಕಾಫಿ ಬೇಕಾ ಅಂದೆ ಅನ್ಸುತ್ತೆ" ಎಂದು ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯಲ್ಲಿ ಉಂಡು ಮಲಗುವುದು ಯಾರು ಎಂದು ನಮ್ಮೂರಿನ ಮಕ್ಕಳನ್ನು ಕೇಳಿ, ಹಾವು ಎನ್ನುತ್ತವೆ.

ಇಂಥ ಅನುಕೂಲ ಸಿಕ್ಕಿದ್ದರೆ ಬೇರೆ ಊರಿನವರು ಬಾಯಿ ತುಂಬ ಜಗಳವಾಡಿ, ಎಲ್ಲ ಮರೆತು, ಹಾಯಾಗಿರುತ್ತಿದ್ದರೇನೋ. ನಮ್ಮವರು ಮರ್ಯಾದಸ್ಥರು. ಮನೆಯಲ್ಲಿ ಕಿರುಚಾಡಿದರೆ ಹಾವು ಕೊಬ್ಬಿ ಗುಟ್ಟು ರಟ್ಟಾಗುತ್ತದೆಂದು, ಹಳೆ ಇಟ್ಟಿಗೆ ಗೂಡಿನ ಹತ್ತಿರ ಪುರಸಭೆಯಿಂದ ಒಂದು ಜಗಳಕಟ್ಟೆ ಕಟ್ಟಿಸಿಕೊಂಡಿದ್ದಾರೆ. ಸಂಜೆಯಾದರೆ ಗಂಡ ಹೆಂಡಿರು, ಅತ್ತೆ ಸೊಸೆಯರು, ಅಣ್ಣ ತಮ್ಮಂದಿರು ತುಟಿ ಬಿಗಿದುಕೊಂಡು ಆಟೋದಲ್ಲಿ ಹೋಗಿ, ಕಟ್ಟೆ ಹತ್ತಿ, ಗಂಟಲು ಹರಿಯುವಂತೆ ಕೂಗಾಡಿ, ಅಲ್ಲೇ ಬೋಂಡ ತಿಂದು, ಅದೇ ಆಟೋದಲ್ಲಿ ಸದ್ದಿಲ್ಲದೆ ವಾಪಸಾಗುತ್ತಾರೆ. ಕಟ್ಟೆಯಲ್ಲಿ ಹಾವಿಲ್ಲದ್ದರಿಂದ ಆಡಿದ್ದೊಂದೂ ಮರೆಯುವುದಿಲ್ಲ, ಎಲ್ಲವನ್ನೂ ಜೋಪಾನವಾಗಿ ಮನೆಗೆ ತರುತ್ತಾರೆ. ಇಷ್ಟೆಲ್ಲ ಮಾಡಿದರೂ ಊರಿನ ಅತಿ ನಯವಾದ ಮನೆಗಳ ಹಾವುಗಳೇ ಯಾಕೆ ದಿಂಬಿನಂತೆ ಊದಿಕೊಳ್ಳುತ್ತವೆ ಎಂಬುದು ಯಾರಿಗೂ ಬಗೆಹರಿದಿಲ್ಲ. ಅದಕ್ಕೆ ಥೈರಾಯ್ಡ್ ಎನ್ನುತ್ತಾರೆ, ಪಶುವೈದ್ಯರಿಂದ ಸರ್ಟಿಫಿಕೇಟು ಮಾಡಿಸಿ ಗೋಡೆಗೆ ತೂಗುಹಾಕಿರುತ್ತಾರೆ.

ಹಾವೇ ಇಲ್ಲದ ಮನೆ ಇಡೀ ಊರಿಗೆ ನಮ್ಮದೊಂದೇ ಇತ್ತು. ನಮ್ಮಪ್ಪ ರಾಚಪ್ಪ, ಬಸ್ ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಯಾವ ಬಸ್ಸು ಯಾವಾಗ ಹೊರಡುತ್ತದೆಂದು ಕೂಗುವ ಕೆಲಸದಲ್ಲಿದ್ದು ರಿಟೈರಾದವನು. ಸಾರಿಗೆ ಉಪ್ಪು ಕೇಳಿದರೂ ಮೂರನೇ ಪ್ಲಾಟ್‌ಫಾರಂ ತನಕ ಕೇಳಿಸುವಂತೆ ಕೇಳುತ್ತಿದ್ದ. ನಮ್ಮಮ್ಮ ಚಿಕ್ಕತಾಯಮ್ಮನಿಗೆ ಮೈಕು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬೆಳಗ್ಗೆ ಹಲ್ಲುಜ್ಜುವಾಗ ಶುರುವಾದರೆ ಒಲೆ ಆರುವ ತನಕ ಇಬ್ಬರೂ ಬಿಡುವಿಲ್ಲದೆ ಬೈದಾಡುತ್ತಿದ್ದರು. ನಾನು ಕಣ್ಣು ಬಿಟ್ಟಾಗಿನಿಂದ ನೋಡಿದ್ದು ಅದನ್ನೇ. ಅಮ್ಮನೇ ಹಾವು ಬೇಡವೆಂದು ಮೊದಲು ಹಟ ಹಿಡಿದವಳು. "ನಮ್ಮನೇಗೆ ಹಾವು ತಂದ್ರೆ ತಿಂಗಳೊಳಗೆ ಹೆಬ್ಬಾವಾಗಿ ಬಾಗಿಲಲ್ಲಿ ಸಿಗಾಕ್ಕೊಳ್ಳುತ್ತೆ. ಇರೋ ಮಾನಾನೂ ಹೋಗೋದು ಬ್ಯಾಡ" ಎನ್ನುತ್ತಿದ್ದಳು. ಅದೊಂದು ವಿಷಯದಲ್ಲಿ ಅಪ್ಪ ಅವಳ ಮಾತನ್ನು ಚಕಾರವೆತ್ತದೆ ಒಪ್ಪಿದ್ದ.

ಹಾವಿಲ್ಲದ ಮನೆಯೆಂದರೆ ಮುಚ್ಚಿಡುವಂಥದ್ದು ಏನೋ ಇದೆ ಎಂದು ಊರಿನ ಲೆಕ್ಕ. ನಮ್ಮ ಮನೆಯಲ್ಲಿ ಆಡಿದ್ದು ಮೂಲೆಯ ಸೈಕಲ್ ಶಾಪಿನ ತನಕ ಕೇಳುತ್ತಿತ್ತು, ಮುಚ್ಚಿಡುವುದಕ್ಕೆ ಏನು ಉಳಿದಿತ್ತೋ ದೇವರೇ ಬಲ್ಲ. ಬಂದ ಸಂಬಂಧಗಳೆಲ್ಲ ಹಾವಿನ ಹೆಸರಲ್ಲಿ ಮುರಿದುಬಿದ್ದವು. ನಾನು ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿಕೊಂಡೆ. ಯಾರ ಹಾಲಿಗೆ ಎಷ್ಟು ನೀರು ಬಿದ್ದಿದೆ ಎಂದು ಗಾಜಿನ ಕಡ್ಡಿ ಇಳಿಬಿಟ್ಟು ನೋಡುತ್ತಾ, ಮದುವೆಯ ಚಿಂತೆ ಬಿಟ್ಟೆ ಎಂದುಕೊಳ್ಳುತ್ತಾ, ಮೂವತ್ತು ದಾಟಿದೆ. ಅಷ್ಟರಲ್ಲಿ ಅಮ್ಮ ತೀರಿಕೊಂಡಳು. ಅದಾಗಿ ಎರಡು ವರ್ಷಕ್ಕೆ ಡೈರಿಯ ವ್ಯಾನು ಓಡಿಸುವ ಪರಶಿವ ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ.

ಕೇಳಿದ ರೀತಿ ಹೇಳಿದರೆ ನಿಮಗೆ ನಗು ಬರುತ್ತದೆ. ಪರಶಿವ ಒಂದು ವಾಕ್ಯ ಹೇಳಿ ಸ್ವಲ್ಪ ಹೊತ್ತು ನಿಲ್ಲಿಸುತ್ತಾನೆ, ಹೇಳಿದ್ದು ಇನ್ನೂ ಅಲ್ಲೇ ಇದೆಯೋ ಇಲ್ಲವೋ ಎಂದು ತಡವಿ ನೋಡುವವನ ಹಾಗೆ. ಅವನು ಬೆಳೆದ ಮನೆ ಅಂಥದ್ದು. ಅವರಮ್ಮ ನಂಜಮ್ಮಣ್ಣಿಯವರು ಜನ್ಮದಲ್ಲಿ ದನಿ ಎತ್ತಿದವರಲ್ಲ. ಎಲ್ಲರನ್ನೂ ಪುಟ್ಟ, ಬಂಗಾರ, ಚಿನ್ನ ಎಂದೇ ಕರೆಯುವವರು. ಮಾತಾಡಿದರೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಅವರ ಮನೆಯ ಹಾವು ಮಾತ್ರ ಮೂವರು ಸೇರಿ ಎತ್ತಬೇಕಾದಷ್ಟು ದಪ್ಪ. ಥೈರಾಯ್ಡ್, ಪಾಪ. "ನಿನ್ನ ಚಿಕ್ಕಂದಿನ ಕತೆ ಏನಾದ್ರೂ ಹೇಳು" ಎಂದು ನಾನೊಮ್ಮೆ ಕೇಳಿದ್ದಕ್ಕೆ ಪರಶಿವ ಯೋಚಿಸಿ, "ಚೆನ್ನಾಗೇ ಇತ್ತು ಅನ್ಸುತ್ತೆ ಶಶಿ. ಏನೂ ನೆನಪಿಲ್ಲ" ಎಂದಿದ್ದ. ಎಷ್ಟು ಶಾಂತವಾದ ಮನೆ ಎಂದು ನಾನು ಆಗ ಹೊಟ್ಟೆಕಿಚ್ಚುಪಟ್ಟಿದ್ದೆ.

ನಂಜಮ್ಮಣ್ಣಿಯವರು ಮಗನ ಆಸೆಗೆ ಅಡ್ಡ ಬರಲಿಲ್ಲ, ಅಡ್ಡ ಬರುವ ಪೈಕಿಯೇ ಅಲ್ಲ ಅವರು. "ನಂದೇನಿದೆ ಬಂಗಾರ, ಮುಂದಿನ ಹುಣ್ಣಿಮೆ ಕಳೆದ ಮೇಲೆ ಬರ್ತೀನಿ. ಮನೇಲಿ ಒಂದು ಹಾವು ಅಂತ ಓಡಾಡ್ಕೊಂಡಿದ್ರೆ ಸಾಕು" ಎಂದು ಹೇಳಿಕಳಿಸಿದರು. ನಾನು ಪುರಸಭೆಯ ಹಾವಿನ ವಿಭಾಗಕ್ಕೆ ಹೋಗಿ ವಿಚಾರಿಸಿದೆ. ಪರೀಕ್ಷಾರ್ಥವಾಗಿ ಒಂದು ತಿಂಗಳ ಮಟ್ಟಿಗೆ ಮರಿಹಾವು ಕೊಡುತ್ತೇವೆ, ಆದರೆ ಮನೆಯ ಹಿರಿಯರು ಬಂದು ಬಾಯಿಬಿಟ್ಟು ಒಪ್ಪಿಗೆ ಹೇಳಬೇಕು ಎಂದರು. ಮನೆಯ ಹಿರಿಯ ಎಂದರೆ ಅಪ್ಪ. ಬಾಯಿ ಬಿಡುವುದರಲ್ಲಿ ಅವನಿಗೆ ತೊಂದರೆಯಿರಲಿಲ್ಲ, ಒಪ್ಪಿಗೆಯಲ್ಲಿ ಇತ್ತು.

ಮೊದಲ ದಿನ ನೇರವಾಗಿಯೇ ಕೇಳಿದೆ. "ಅಪ್ಪ, ಒಂದು ಹಾವು ತರೋಣ." ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಇಲಿ ಹಿಡಿಯುತ್ತಾ?" "ಇಲ್ಲ." "ಕಚ್ಚುತ್ತಾ?" "ಇಲ್ಲ." "ಹೆಡೆ ಎತ್ತುತ್ತಾ?" "ನಮ್ಮೂರವು ಎತ್ತಲ್ಲ ಅಂತ ನಿಂಗೂ ಗೊತ್ತು." "ಮತ್ತೆ ಅದನ್ನ ಹಾವು ಅಂತ ಯಾಕೆ ಕರೀತೀಯಾ ಕಣಮ್ಮಿ? ಎರೆಹುಳ ಅನ್ನು. ಹಿತ್ತಲಲ್ಲಿ ಬೇಕಾದಷ್ಟಿವೆ, ಒಂದು ಹಿಡ್ಕೊಂಡು ಬಂದು ಸಾಕ್ಕೋ." ನಾನು ಬಿಡಲಿಲ್ಲ. ಕೂದಲು ಉದುರಿಸುವುದಿಲ್ಲ, ಬೊಗಳುವುದಿಲ್ಲ, ಕಸದ ಬುಟ್ಟಿ ಬೀಳಿಸುವುದಿಲ್ಲ, ಖರ್ಚಿಲ್ಲ ಎಂದು ಒಂದೊಂದೇ ಗುಣ ವರ್ಣಿಸಿದೆ. "ಇಷ್ಟು ಒಳ್ಳೆ ಗುಣ ಇದ್ರೆ ಅದನ್ನೇ ಮದುವೆಯಾಗು, ಆ ಪರಶಿವ ಯಾಕೆ?" ಎಂದು ಅಪ್ಪ ಪೇಪರು ಮಡಿಸಿದ.

ಎರಡನೆಯ ಪ್ರಯತ್ನಕ್ಕೆ ಪಕ್ಕದ ಮನೆಯ ಕಮಲಾಕ್ಷಮ್ಮನನ್ನು ಕರೆತಂದೆ. ಆಕೆ ತಮ್ಮ ಹಾವನ್ನು ಮಗು ಮಲಗಿಸುವ ತಳ್ಳುಗಾಡಿಯಲ್ಲಿ ಹಾಕಿಕೊಂಡು ಬಂದರು, ಇನ್ನು ಹೆಗಲ ಮೇಲೆ ಹೊರಲು ಆಗುತ್ತಿರಲಿಲ್ಲ. "ರಾಚಪ್ಪೋರೆ, ಹಾವು ಬಂದ ಮೇಲೆ ನಮ್ಮನೇಲಿ ನನ್ನ ಸೊಸೆ ಒಂದು ದಿನ ಎದುರು ಮಾತಾಡಿದ್ದು ನನಗೆ ನೆನಪಿಲ್ಲ" ಎಂದರು. ಅಪ್ಪ ತಳ್ಳುಗಾಡಿಯೊಳಗೆ ಇಣುಕಿ, "ನಿಮಗೆ ನೆನಪಿಲ್ಲ ಸರಿ. ಇದಕ್ಕೆ ನೆನಪಿರೋ ಹಂಗೆ ಕಾಣ್ತದೆ" ಎಂದ. ಕಮಲಾಕ್ಷಮ್ಮ ನಕ್ಕು ನನಗೇನೋ ಒಂದು ಪ್ರೀತಿಯ ಮಾತು ಹೇಳಿದರು. ಹಾವು ಆಕಳಿಸಿತು. ಏನು ಹೇಳಿದರೆಂದು ಈಗ ಜ್ಞಾಪಕಕ್ಕೆ ಬರುತ್ತಿಲ್ಲ.

ಆಮೇಲೆ ನಾನು ಊಟ ಬಿಟ್ಟೆ. ಅಪ್ಪ ನನ್ನ ಪಾಲಿನದನ್ನೂ ತಾನೇ ತಿಂದ. ಅಳು ತಂದುಕೊಂಡೆ. "ಈರುಳ್ಳಿ ಹೆಚ್ಚೋದು ಉಳಿಸಿದೀನಿ, ಹೆಂಗೂ ಅಳ್ತಾ ಇದೀಯ, ಅದನ್ನೂ ಮುಗಿಸಿಬಿಡು" ಎಂದು ಚಾಕು ತಂದು ಮುಂದಿಟ್ಟ. ಎಮ್ಮೆಗೆ ಬುದ್ಧಿ ಹೇಳಿ ಗೆಲ್ಲಬಹುದು, ನಮ್ಮಪ್ಪನಿಗೆ ಹೇಳಿ ಗೆದ್ದವರಿಲ್ಲ. ಹುಣ್ಣಿಮೆ ಹತ್ತಿರ ಬರುತ್ತಿತ್ತು. ಒಂದು ಬೆಳಗ್ಗೆ ಇವತ್ತು ಏನಾದರಾಗಲಿ ಎಂದು ಗಟ್ಟಿ ಮನಸ್ಸು ಮಾಡಿ ಅಡುಗೆಮನೆಯ ಬಾಗಿಲ ತನಕ ಹೋದವಳು ಅಲ್ಲೇ ನಿಂತೆ.

ಅಪ್ಪ ಒಲೆಯ ಮುಂದೆ ನಿಂತು ಸಾರಿನ ರುಚಿ ನೋಡುತ್ತಿದ್ದ. ನೋಡಿ, ಮುಖ ಹುಳ್ಳಗೆ ಮಾಡಿ, ಸೊಂಟದ ಮೇಲೆ ಕೈ ಇಟ್ಟುಕೊಂಡು, ಅಮ್ಮನ ದನಿಯಲ್ಲಿ ಹೇಳಿದ: "ಉಪ್ಪಿಲ್ಲ ಅಂತ ಹೇಳಕ್ಕೆ ಬಾಯಿಲ್ವಾ? ಮೂಗನಂಗೆ ತಿಂದು ಎದ್ದೋದ್ರೆ ನಂಗೆ ಹೆಂಗೆ ಗೊತ್ತಾಗ್ಬೇಕು?" ಆಮೇಲೆ ತನ್ನದೇ ದನಿಯಲ್ಲಿ, "ಹಾಕ್ತೀನಿ ಕಣೆ, ಬಾಯಿ ಮುಚ್ಚು" ಎಂದು ಉಪ್ಪು ಹಾಕಿದ. ತಿರುಗಿದವನು ನನ್ನನ್ನು ಕಂಡ. ಬಸ್ ಸ್ಟ್ಯಾಂಡಿನಲ್ಲಿ ಅಷ್ಟು ವರ್ಷ ಕೂಗಿದವನ ಗಂಟಲಿನಿಂದ ಆಗ ಹೊರಟ ದನಿ ಎರಡು ಮಾರು ದೂರಕ್ಕೂ ಕೇಳಿಸುವಂತಿರಲಿಲ್ಲ.

"ಅವ್ಳು ನನ್ನ ಹೊಗಳಿದ್ದು ಒಂದು ಮಾತು ನೆನಪಿಲ್ಲ ಕಣಮ್ಮಿ. ಹೊಗಳಿದ್ರೆ ತಾನೇ ನೆನಪಿರೋದು. ಬೈದಿದ್ದೇ ಇರೋದು ನನ್ನತ್ರ. ಜ್ವರ ಬಂದಾಗ ಬೈದಿದ್ದು, ಸೈಕಲ್ಲಿಂದ ಬಿದ್ದಾಗ ಬೈದಿದ್ದು, ನೀನು ಹುಟ್ಟಿದ ದಿನ ನಾನು ಆಸ್ಪತ್ರೆಗೆ ತಡವಾಗಿ ಹೋದಾಗ ಬೈದಿದ್ದು. ಕೊನೇದು ಒಂದಿದೆ, ಅದನ್ನ ನಿಂಗೂ ಹೇಳಿಲ್ಲ. ದಿವ್ಸಾ ಒಂದೊಂದು ಹೇಳ್ಕೊಂಡು ಓಡಾಡ್ತೀನಿ. ಹಾವು ತಂದ್ರೆ ಅದೆಲ್ಲಾ ಅದಕ್ಕೆ ಒಂದು ವಾರದ ಊಟ. ನನಗೇನು ಉಳೀತದೆ ಹೇಳು, ಈ ಸಾರಾ?"

ಹಟಮಾರಿ ಅಪ್ಪನನ್ನು ಹೇಗೆ ಗೆಲ್ಲಬೇಕೆಂದು ಹತ್ತು ಉಪಾಯ ಇಟ್ಟುಕೊಂಡಿದ್ದೆ, ಇದಕ್ಕೆ ಒಂದೂ ಒದಗಲಿಲ್ಲ. ಹಾವು ಬೇಡ ಬಿಡಪ್ಪ ಎಂದೆ. ಪರಶಿವನಿಗೆ ಏನು ಹೇಳಬೇಕೆಂದು ಯೋಚಿಸುತ್ತಾ ಡೈರಿಗೆ ಹೋದೆ. ಸಂಜೆ ಬಂದು ನೋಡಿದರೆ ನಡುಮನೆಯಲ್ಲಿ ಬೆತ್ತದ ಬುಟ್ಟಿ, ಬುಟ್ಟಿಯ ಪಕ್ಕ ಕೈ ಕಟ್ಟಿಕೊಂಡು ಅಪ್ಪ, ಬುಟ್ಟಿಯೊಳಗೆ ಹುರುಳಿಕಾಯಿಯಷ್ಟು ಗಾತ್ರದ ಹಸಿರು ಹಾವಿನ ಮರಿ. ಪುರಸಭೆಗೆ ತಾನೇ ಹೋಗಿ ಒಪ್ಪಿಗೆ ಹೇಳಿ ತಂದಿದ್ದ. "ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು. ಇದು ಇರೋ ತನಕ ನಾನು ಅವಳ ಮಾತು ಒಂದೂ ಆಡಲ್ಲ. ಒಳಗೇ ಇಟ್ಕೋತೀನಿ. ನೀನೂ ನನ್ನ ಕೆರಳಿಸ್ಬೇಡ" ಎಂದ. ಪರಶಿವನ ವಿಷಯ ಎತ್ತಲಿಲ್ಲ. "ಇನ್ನೂ ಎಷ್ಟು ವರ್ಷ ಹಾಲಿಗೆ ಕಡ್ಡಿ ಅದ್ದುತಾ ಕೂತಿರ್ತೀಯಾ" ಎಂದು ಗೊಣಗಿದ್ದು ಮಾತ್ರ ಕೇಳಿಸಿತು.

ಅಲ್ಲಿಂದ ನಮ್ಮ ಮನೆಯಲ್ಲಿ ಸಭ್ಯತೆ ಶುರುವಾಯಿತು. ಅದರ ವರ್ಣನೆ ಮಾಡಲು ನನ್ನ ಕೈಲಾಗದು. ಬೆಳಗ್ಗೆ ಎದ್ದರೆ ಅಪ್ಪ, "ನಿದ್ದೆ ಚೆನ್ನಾಗಿ ಬಂತಾ ಮಗಳೇ?" ಎನ್ನುವನು. "ಬಂತು ಅಪ್ಪಾಜಿ, ತಮಗೆ?" ಎನ್ನುವೆನು. ಅನ್ನ ಹಸಿಬಿಸಿಯಾಗಿದ್ದರೂ "ಬಹಳ ಸೊಗಸಾಗಿದೆ" ಎಂದು ಉಂಡೆದ್ದು ಹೋಗುವನು. ಮೊದಲಾಗಿದ್ದರೆ, "ಇದೇನು ಅನ್ನಾನೋ, ಗೋಲಿ ಆಡಕ್ಕೆ ಇಟ್ಟಿದೀಯೋ" ಎಂದು ಕೇಳಿ ಎರಡು ಸಲ ಬಡಿಸಿಕೊಳ್ಳುತ್ತಿದ್ದ. ಸೈಕಲ್ ಶಾಪಿನವರು ಬಂದು, ರಾಚಪ್ಪನವರಿಗೆ ಹುಷಾರಿಲ್ಲವೇ ಎಂದು ವಿಚಾರಿಸಿಕೊಂಡು ಹೋದರು. ಅಪ್ಪ ಮಾತು ಹೊರಬೀಳದಂತೆ ಬಾಯಲ್ಲಿ ಸದಾ ಅಡಿಕೆ ಹಾಕಿಕೊಂಡಿರುತ್ತಿದ್ದ. ಕಣ್ಣುಗಳು ದಿನದಿಂದ ದಿನಕ್ಕೆ ಒಳಗೆ ಹೋದವು.

ವಿಚಿತ್ರವೆಂದರೆ, ಇಷ್ಟು ನಾಜೂಕಾಗಿ ಬದುಕುತ್ತಿದ್ದರೂ ಹಾವು ಮೈ ತುಂಬಿಕೊಳ್ಳತೊಡಗಿತು. ಹುರುಳಿಕಾಯಿಯಂತಿದ್ದದ್ದು ನುಗ್ಗೆಕಾಯಿಯಾಯಿತು. ನಾನು ಹೆದರಿ ಇನ್ನೂ ನಯವಾದೆ. ಒಂದು ದಿನ ಅಪ್ಪ ನನ್ನ ಬಟ್ಟೆಯನ್ನೂ ಸೇರಿಸಿ ಒಗೆದು ಹಾಕಿ, ಅತ್ಯಂತ ಮೃದುವಾಗಿ ನನಗೆ ಏನೋ ಹೇಳಿದ. ಅದಕ್ಕಿಂತ ಮೃದುವಾಗಿ ನಾನು ಅವನಿಗೆ ಏನೋ ಹೇಳಿದೆ. ಏನು ಹೇಳಿಕೊಂಡೆವೋ ತಿಳಿಯದು, ಇಬ್ಬರಿಗೂ ಕಣ್ಣಲ್ಲಿ ಯಾಕೆ ನೀರಿತ್ತೋ ಅದೂ ತಿಳಿಯದು. ಮಾರನೆಯ ದಿನ ಹಾವು ಸೌತೆಕಾಯಿಯಷ್ಟಾಗಿತ್ತು. ಹವೆ ಒಗ್ಗಿದೆ ಎಂದುಕೊಂಡೆ. ಹಾಲಿಗೆ ಬಿದ್ದ ನೀರನ್ನು ಕಣ್ಣು ಮುಚ್ಚಿ ಹೇಳುವ ನನ್ನ ಬುದ್ಧಿ ಅಷ್ಟರ ಮಟ್ಟಿಗೆ ಚುರುಕಾಗಿತ್ತು.

ಹುಣ್ಣಿಮೆ ಕಳೆದು ನಂಜಮ್ಮಣ್ಣಿಯವರು ಬಂದರು. ಜೊತೆಗೆ ಇಸ್ತ್ರಿ ಮಾಡಿದ ಷರಟಿನಲ್ಲಿ ಉಸಿರು ಬಿಗಿಹಿಡಿದ ಪರಶಿವ. ಹಾವನ್ನು ಬಾಳೆಲೆ ಹಾಸಿದ ತಟ್ಟೆಯಲ್ಲಿಟ್ಟು ತೋರಿಸಿದೆ. "ಅಯ್ಯೋ ಬಂಗಾರ, ಎಷ್ಟು ಮುದ್ದಾಗಿದೆ! ಸ್ವಲ್ಪ ಉಂಡಿದೆ, ಆದ್ರೆ ಇರ್ಲಿ" ಎಂದರು. ಆಮೇಲೆ ಮನೆಯನ್ನೆಲ್ಲ ಕಣ್ಣಲ್ಲೇ ಒಂದು ಸುತ್ತು ಹಾಕಿ, ಅಪ್ಪನನ್ನು ನೋಡಿ ಮುಗುಳ್ನಕ್ಕು ಒಂದು ಮಾತು ಹೇಳಿದರು. ಯಾವ ಮಾತೆಂದು ನಾನು ಬರೆಯಲಾರೆ. ಅದು ಹಾವಿನ ಹೊಟ್ಟೆಯಲ್ಲಿದೆ. ನನಗೆ ನೆನಪಿರುವುದು ಇಷ್ಟೇ: ತಟ್ಟೆಯಲ್ಲಿದ್ದ ಹಾವು ತಲೆ ಎತ್ತಿತು, ಬಾಯಿ ತೆರೆಯಿತು, ಗುಳಕ್ ಎಂದಿತು. ಅದರ ಕೊರಳಲ್ಲಿ ಗೋಲಿಯಂಥ ಒಂದು ಗಂಟು ಮೂಡಿ ನಿಧಾನವಾಗಿ ಕೆಳಗಿಳಿಯಿತು.

ನಾವು ಎಲ್ಲರೂ ಒಬ್ಬರನ್ನೊಬ್ಬರು ನೋಡಿದೆವು. ನಂಜಮ್ಮಣ್ಣಿಯವರು ನಗುತ್ತಲೇ ಇದ್ದರು. ನನ್ನ ಕೈ ಹಿಡಿದು, ಬೆರಳುಗಳನ್ನು ನೇವರಿಸಿ, ನನ್ನ ವಯಸ್ಸನ್ನೋ ಬಣ್ಣವನ್ನೋ ಕುರಿತು ಬಹಳ ಅಕ್ಕರೆಯಿಂದ ಏನೋ ಹೇಳಿದರು. ಗುಳಕ್. ಗೋಡೆಯ ಮೇಲಿದ್ದ ಅಮ್ಮನ ಫೋಟೋ ನೋಡಿ, ಲೊಚಗುಟ್ಟಿ, ಸೆರಗಿನಿಂದ ಕಣ್ಣೊರೆಸಿಕೊಂಡು ಏನೋ ಹೇಳಿದರು. ಗುಳಕ್, ಗುಳಕ್. ಮಗನ ಬೆನ್ನು ತಟ್ಟಿ, ಅವನ ಕೆಲಸದ ಬಗ್ಗೆ ಹೆಮ್ಮೆಯಿಂದ ಏನೋ ಹೇಳಿದರು. ಪರಶಿವನ ಮುಖದ ರಕ್ತ ಇಳಿಯಿತು, ಮರುಕ್ಷಣ ಅವನು ಯಾಕೆ ಇಳಿಯಿತೆಂದು ತಿಳಿಯದವನಂತೆ ಸುಮ್ಮನೆ ಕಣ್ಣು ಮಿಟುಕಿಸಿದ. ಅವರು ಒಮ್ಮೆಯಾದರೂ ದನಿ ಎತ್ತಿರಲಿಲ್ಲ. ಹಾವು ಮಾತ್ರ ಬಾಳೆಲೆಯ ಅಂಚು ದಾಟಿ, ತಟ್ಟೆ ದಾಟಿ, ನಮ್ಮ ಕಣ್ಣೆದುರೇ ಪಡುವಲಕಾಯಿಯಾಯಿತು, ಬೂದುಗುಂಬಳವಾಯಿತು.

ಪರಶಿವನ ಕಣ್ಣು ಅಮ್ಮನ ಬಾಯಿಯಿಂದ ಹಾವಿನ ಬಾಯಿಗೆ, ಹಾವಿನ ಬಾಯಿಯಿಂದ ಅಮ್ಮನ ಬಾಯಿಗೆ ಓಡಾಡುತ್ತಿತ್ತು. ನಾನು ಕಾಫಿ ತರಲು ಒಳಗೆ ಹೋದೆ. ಕಾಫಿಯ ಲೋಟಗಳಿದ್ದ ತಟ್ಟೆ ಹಿಡಿದು ಬರುವಾಗ ಹೊಸ್ತಿಲು ಕಾಲಿಗೆ ತಾಗಿತು. ಲೋಟಗಳು ಉರುಳಿ, ಸುಡುವ ಕಾಫಿ ನನ್ನ ಪಾದದ ಮೇಲೆ ಚೆಲ್ಲಿತು.

"ಕಣ್ಣೇನು ಹಿತ್ತಲಲ್ಲಿ ಒಣಗಾಕಿದೀಯಾ?" ಅಪ್ಪ ಎದ್ದು ನಿಂತು ಅಬ್ಬರಿಸಿದ. ಮೂರನೇ ಪ್ಲಾಟ್‌ಫಾರಂ ಇರಲಿ, ಡಿಪೋ ತನಕ ಕೇಳಿಸಿರಬೇಕು. "ಮೂವತ್ತು ದಾಟಿದ್ರೂ ಹೊಸ್ಲು ಎಲ್ಲಿದೆ ಅಂತ ಗೊತ್ತಿಲ್ಲ! ಕಾಲು ಸುಟ್ಕೊಂಡು ನಿಂತವ್ಳೆ ಕಂಬದಂಗೆ! ನೀರಾಕು, ಮುಂಡೇದೇ, ಮೊದ್ಲು ನೀರಾಕು!"

ಅದು ಅಮ್ಮನ ಮಾತು. ಅಕ್ಷರ ಅಕ್ಷರವೂ ಅಮ್ಮನದೇ. ನನಗೆ ಹತ್ತು ತುಂಬಿದಾಗಿನಿಂದ, ಎಡವಿ ಕಾಲು ಸುಟ್ಟುಕೊಂಡಾಗಲೆಲ್ಲ ವಯಸ್ಸು ಮಾತ್ರ ಬದಲಾಯಿಸಿಕೊಂಡು ಬೈಯುತ್ತಿದ್ದಳು. ಅಪ್ಪ ಗಪ್ಪನೆ ಬಾಯಿ ಮುಚ್ಚಿಕೊಂಡ. ಎರಡೂ ಕೈ ಬಾಯಿಯ ಮೇಲಿಟ್ಟುಕೊಂಡು, ಮನೆ ಹತ್ತಿ ಉರಿಯುವುದನ್ನು ನೋಡುವವನಂತೆ ಹಾವನ್ನು ನೋಡಿದ. ಎಲ್ಲರೂ ಹಾವನ್ನೇ ನೋಡಿದೆವು. ಅದು ತಲೆ ಎತ್ತಿತು. ನಾಲಗೆ ಹೊರಗೆ ಹಾಕಿ ಅಪ್ಪನ ಕಡೆಯ ಗಾಳಿಯನ್ನು ಮೂಸಿತು. ಮತ್ತೊಮ್ಮೆ ಮೂಸಿತು. ತಲೆ ಕೆಳಗಿಟ್ಟು, ಕಣ್ಣು ಮುಚ್ಚದ ಹಾವುಗಳು ಹೇಗೆ ನಿದ್ದೆ ಮಾಡುತ್ತವೋ ಹಾಗೆ ಮಲಗಿಬಿಟ್ಟಿತು.

ಅಪ್ಪ ಕೈ ತೆಗೆದು, ಮೆಲ್ಲಗೆ, "ಕಣ್ಣೇನು ಹಿತ್ತಲಲ್ಲಿ..." ಎಂದು ಶುರುಮಾಡಿ ಕೊನೆಯ ತನಕ ಹೇಳಿನೋಡಿದ. ಎಲ್ಲ ಇತ್ತು. ಒಂದು ಪದವೂ ಹೋಗಿರಲಿಲ್ಲ. ಹಾವಿನ ಎದುರು ಕುಕ್ಕರಗಾಲಲ್ಲಿ ಕೂತ. "ಊರಿನ ಬಸ್ಸನ್ನೆಲ್ಲಾ ಟೈಮಿಗೆ ಕಳಿಸೋರಿಗೆ ತಮ್ಮ ಮನೆಗೆ ಯಾವ ಬಸ್ಸು ಅಂತ ಗೊತ್ತಾಗಲ್ವಾ?" ಎಂದ. ಹಾವು ಅಲ್ಲಾಡಲಿಲ್ಲ. "ಜ್ವರ ಬಂದ್ರೆ ಮಲಗ್ಬೇಕು ಅನ್ನೋದು ಎತ್ತಿಗೂ ಗೊತ್ತು, ನಿಮಗೆ ಗೊತ್ತಿಲ್ಲ!" ಎಂದು ಕೂಗಿದ. ಹಾವು ಮೈ ಸುತ್ತಿ ಇನ್ನೂ ಬೆಚ್ಚಗೆ ಮಲಗಿತು. ಉಪ್ಪಿನದು ಹೇಳಿದ, ಸೈಕಲ್ಲಿನದು ಹೇಳಿದ, ನಾನು ಹುಟ್ಟಿದ ದಿನದ್ದು ಹೇಳಿದ. ಊರಿಡೀ ಜಗಳವೆಂದು ಕರೆದದ್ದನ್ನೆಲ್ಲ ಒಂದೊಂದಾಗಿ ಹಾವಿಗೆ ಬಡಿಸಿದ. ಅದು ಒಂದನ್ನೂ ಮುಟ್ಟಲಿಲ್ಲ.

ಕೊನೆಗೆ ಅಪ್ಪನ ದನಿ ಸಣ್ಣಗಾಯಿತು. ಅಮ್ಮನ ಫೋಟೋ ಕಡೆ ನೋಡದೆ, ಹಾವಿನ ಕಡೆಯೂ ನೋಡದೆ, ನೆಲ ನೋಡುತ್ತಾ ಹೇಳಿದ. "ಏನು ನನ್ನ ಮುಖಾನೇ ನೋಡ್ಕೊಂಡು ಕೂತಿದೀರಾ ಗೂಬೆ ಥರ? ಹೋಗಿ ಎರಡು ಇಡ್ಲಿ ತಿಂದು ಬನ್ನಿ. ನಾನೇನು ನಿಮ್ಮ ಬಸ್ಸಾ, ಟೈಮಾಯ್ತು ಅಂತ ಹೊರಟೋಗಕ್ಕೆ?"

ಅದೇ ಕೊನೆಯದು. ಅಪ್ಪ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಇಡ್ಲಿ ತಿಂದು ಬರುವಷ್ಟರಲ್ಲಿ ಅಮ್ಮ ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು, ಅವನನ್ನು ಕಳಿಸಿದ್ದು ಅವಳೇ ಎಂದು ಗೊತ್ತಿರಲಿಲ್ಲ. ಹಾವು ಮಲಗಿಯೇ ಇತ್ತು. ಅಪ್ಪ ಗಟ್ಟಿಯಾಗಿ ಅತ್ತ. ಅಳುತ್ತಲೇ, "ನೋಡ್ದಾ ಶಶಿ, ನಲವತ್ತು ವರ್ಷ ಹೆಬ್ಬಾವಾಗುತ್ತೆ ಅಂತ ಹೆದರ್ಕೊಂಡು ಕೂತಿದ್ವಲ್ಲೇ. ಉಪವಾಸ ಸತ್ತೋಗಿರೋದು ಪಾಪದ್ದು" ಎಂದು ನಗಲು ಶುರುಮಾಡಿದ. ನಾನು ಸುಟ್ಟ ಕಾಲಿನಲ್ಲೇ ಅವನ ಪಕ್ಕ ಕೂತು ಅತ್ತೆ. ಅಮ್ಮ ಇದ್ದಿದ್ದರೆ ಇಬ್ಬರಿಗೂ ಸೇರಿಸಿ ಬೈಯುತ್ತಿದ್ದಳು.

ನಂಜಮ್ಮಣ್ಣಿಯವರು ಸೆರಗು ಸರಿಮಾಡಿಕೊಂಡು ಎದ್ದರು. "ಇಷ್ಟು ಗಲಾಟೆ ನಮಗೆ ಅಭ್ಯಾಸ ಇಲ್ಲ ಬಂಗಾರ. ನಿಮ್ಮ ಹಾವಿಗೂ ಪಾಪ, ಏನೋ ರೋಗ ಇರೋ ಹಾಗಿದೆ" ಎಂದರು. ಇದು ನೆನಪಿದೆ, ಯಾಕೆಂದರೆ ಹೇಳುವಷ್ಟರಲ್ಲಿ ಅವರು ಹೊಸ್ತಿಲು ದಾಟಿದ್ದರು, ಮನೆಯ ಹೊರಗೆ ಆಡಿದ್ದು ಹಾವಿಗೆ ಸೇರುವುದಿಲ್ಲ. ಪರಶಿವ ಅವರ ಹಿಂದೆ ಬಾಗಿಲ ತನಕ ಹೋದವನು ತಿರುಗಿ, ಮಲಗಿದ್ದ ಹಾವನ್ನು ಬಹಳ ಹೊತ್ತು ನೋಡಿ, ಇಳಿದು ಹೋದ.

ಪುರಸಭೆಯಿಂದ ಇಬ್ಬರು ಬಂದು ಪರಿಶೀಲಿಸಿದರು. ಕಿರುಚಿದ್ದನ್ನು ತಿನ್ನದೆ, ಅತಿಥಿಗಳ ಒಳ್ಳೆಯ ಮಾತನ್ನು ತಿಂದ ಹಾವಿಗೆ ಮೂಗು ಕೆಟ್ಟಿದೆ ಎಂದು ತೀರ್ಮಾನಿಸಿ, ಬೇರೆ ಕೊಡುತ್ತೇವೆ ಎಂದರು. ಅಪ್ಪ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, "ಮುಟ್ಟಿದ್ರೆ ಕೈ ಮುರೀತೀನಿ" ಎಂದ. ಬೇಡವೆಂದು ಅಷ್ಟು ಹಟ ಹಿಡಿದವನು ಈಗ ಅದಕ್ಕೆ ಹಳೆಯ ಪಂಚೆ ಹರಿದು ಹಾಸಿಗೆ ಮಾಡಿದ್ದ. ಊರು ತನ್ನ ಪಾಡಿಗೆ ತಾನು ನಯವಾಗಿಯೇ ಇದೆ. ಜಗಳ ಹೆಚ್ಚಾಗಿದೆಯೆಂದು ಜಗಳಕಟ್ಟೆಗೆ ಈಗ ಚಾವಣಿ ಹಾಕಿಸುತ್ತಿದ್ದಾರೆ. ನಮ್ಮ ಮನೆಯಲ್ಲಿ ತಿನ್ನಲು ಏನೂ ಸಿಗದೆ ಹಾವು ಮತ್ತೆ ಹುರುಳಿಕಾಯಿಯಾಗುತ್ತಾ ಬಂತು. ಸಾಯಿಸುವುದು ಬೇಡವೆಂದು ವಾರಕ್ಕೊಮ್ಮೆ ಬುಟ್ಟಿಯ ಸಮೇತ ಕಮಲಾಕ್ಷಮ್ಮನ ಮನೆಗೆ ಬಿಟ್ಟುಬರುತ್ತೇನೆ. ಸೊಸೆಯನ್ನು ಅವರು ಕಾಫಿಗೆ ಕರೆಯುವ ಹೊತ್ತಿಗೆ ಸರಿಯಾಗಿ ಬಿಟ್ಟರೆ ಎರಡು ಹಾವಿಗೂ ಸಾಲುತ್ತದೆ.

ಪರಶಿವ ಡೈರಿಯಲ್ಲಿ ಎಷ್ಟೋ ದಿನ ಮಾತಾಡಲಿಲ್ಲ. ಆಮೇಲೆ ಒಂದು ಭಾನುವಾರ ಒಬ್ಬನೇ ಮನೆಗೆ ಬಂದ. ಕೈಯಲ್ಲಿ ಬಟ್ಟೆಬರೆ ತುಂಬಿದ ಚೀಲವಿತ್ತು. ಒಳಗೆ ಬಂದು ಅಪ್ಪನ ಎದುರು ನಿಂತು, ಒಂದು ವಾಕ್ಯ ಹೇಳಿ, ಅದು ಅಲ್ಲೇ ಇದೆಯೋ ಎಂದು ಕಾಯ್ದು, ಇನ್ನೊಂದು ವಾಕ್ಯ ಹೇಳಿದ. "ನಾನು ಬೇರೆ ಮನೆ ಮಾಡ್ಬೇಕು ಅಂತಿದೀನಿ. ಶಶೀನ ಕೇಳಕ್ಕೆ ಬಂದೆ." ಸ್ವಲ್ಪ ನಿಂತು, ತುಂಬ ಸಂಕೋಚದಿಂದ, "ನಿಮ್ಮನೇಲಿ ನನ್ನನ್ನೂ ಬೈತೀರಾ?" ಎಂದ.

ಅಪ್ಪ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದ. ಆಮೇಲೆ ಅವನ ಬೆನ್ನ ಹಿಂದೆ ನೋಡಿದ. ಪರಶಿವ ಚಪ್ಪಲಿಯನ್ನು ಹೊಸ್ತಿಲಿಗೆ ಅಡ್ಡವಾಗಿ ಬಿಟ್ಟು ಬಂದಿದ್ದ. "ಏನಯ್ಯಾ, ಹೊಸ್ಲು ಅಂದ್ರೆ ನಿಮ್ಮಪ್ಪ ಮಾಡಿಸಿಟ್ಟ ಚಪ್ಪಲಿ ಸ್ಟ್ಯಾಂಡಾ?" ಅಪ್ಪನ ದನಿಗೆ ಗೋಡೆಯ ಮೇಲಿನ ಫೋಟೋ ಅದುರಿತು. "ಬರೋರು ಎಡವಿ ಬಿದ್ದು ಹಲ್ಲು ಮುರ್ಕೊಂಡ್ರೆ ನಿನ್ನ ವ್ಯಾನಲ್ಲಿ ಹೊತ್ಕೊಂಡೋಗ್ತೀಯಾ? ಎತ್ತಿ ಈಚೆ ಇಡು! ಇಟ್ಟು, ಕೈ ತೊಳ್ಕೊಂಡು, ಊಟಕ್ಕೆ ಕೂತ್ಕೋ!"

ಪರಶಿವ ಬೆಚ್ಚಿ ಬುಟ್ಟಿಯ ಕಡೆ ನೋಡಿದ. ಹಾವು ಪಂಚೆಯ ಹಾಸಿಗೆಯಲ್ಲಿ ಸಣ್ಣಗೆ ಸುರುಳಿ ಸುತ್ತಿ ಮಲಗಿತ್ತು. ಅವನು ಅದು ತಲೆ ಎತ್ತಲೆಂದು ಕಾದ. ಕಾದು, ಕಾದು, ಅಪ್ಪ ಬೈದದ್ದನ್ನು ಬಾಯೊಳಗೇ ಮೊದಲಿನಿಂದ ಹೇಳಿಕೊಂಡು ನೋಡಿದ. ಪೂರ್ತಿ ನೆನಪಿತ್ತು. ನಗುತ್ತಾ ಹೋಗಿ ಚಪ್ಪಲಿ ಎತ್ತಿ ಈಚೆಗಿಟ್ಟು ಬಂದ.